ಇಳಿಸದ ಅಟ್ಟ

ನನ್ನ ಬಾಯಿ ಜೋರು ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ನನ್ನ ಅಣ್ಣನ ಮಗಳನ್ನು ಪೊಲೀಸರು ಗುಂಡು ಹೊಡೆದು ಕೊಂದು, ಸತ್ತ ಆ ಮಗುವಿನ ಹೆಸರನ್ನು ಕಲ್ಲು ತೂರಿದವರ ಪಟ್ಟಿಯಲ್ಲಿ ಬರೆದಾಗ, ಬಾಯಿಗೆ ಬೀಗ ಹಾಕಿಕೊಂಡು ಕೂತ ದೊಡ್ಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗಿಂತ ನಾನೇ ವಾಸಿ. ಆದರೆ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು. ಈ ಕತೆಯಲ್ಲಿ ಗಟ್ಟಿಗಿತ್ತಿ ನಾನಲ್ಲ, ನನ್ನ ಅತ್ತಿಗೆ. ನಾನು ಮಾಡಿದ್ದು ಶುರುವಿನಲ್ಲೇ ಒಂದು ದೊಡ್ಡ ತಪ್ಪು.

ಅದು ಎಂಬತ್ತರ ಆಸುಪಾಸು. ನಮ್ಮದು ತಿಪಟೂರಿಗೂ ಹುಳಿಯಾರಿಗೂ ನಡುವೆ, ಬಸ್ಸು ನಿಲ್ಲುವ ಒಂದು ಸಂತೆಯ ಊರು. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡ ನಾನು ತವರಿನಲ್ಲಿದ್ದು, ಪಕ್ಕದೂರಿನ ಪ್ರೈಮರಿ ಶಾಲೆಯಲ್ಲಿ ಮೇಷ್ಟರಿಕೆ ಮಾಡುತ್ತಿದ್ದೆ. ಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಒಬ್ಬಳೇ ಮಗಳು. ಒಂಬತ್ತು ತುಂಬಿ ಹತ್ತಕ್ಕೆ ಬಿದ್ದಿದ್ದ ಹುಡುಗಿ. ನನ್ನ ಜೊತೆಯಲ್ಲೇ ನಡೆದುಕೊಂಡು ಶಾಲೆಗೆ ಬರುತ್ತಿದ್ದಳು, ದಾರಿಯುದ್ದಕ್ಕೂ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ. ಸೋದರತ್ತೆಯ ಗುಣ ಅಂತ ಅತ್ತಿಗೆ ರೇಗಿಸುತ್ತಿದ್ದಳು.

ಆ ಸಂತೆಯ ದಿನ ಅವಳಿಗೆ ಜ್ವರ. ಶಾಲೆಗೆ ಬರಲಿಲ್ಲ. ಕೊಬ್ಬರಿ ಧಾರಣೆ ಬಿದ್ದುಹೋಯಿತೆಂದು ಬೆಳೆಗಾರರೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆಗೆ ಅಡ್ಡ ಕೂತಿದ್ದರು, ಅಣ್ಣನೂ ಅಲ್ಲಿದ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲಿಂದಲೋ ಎರಡು ವ್ಯಾನು ಪೊಲೀಸರು ಬಂದಿಳಿದರು. ಮೊದಲು ಲಾಠಿ. ಜನ ದಿಕ್ಕಾಪಾಲಾಗಿ ಓಡಿದರು, ಕೆಲವರು ನಮ್ಮ ಬೀದಿಗೆ ನುಗ್ಗಿದರು. ನಮ್ಮ ಬೀದಿ ತಗ್ಗಿನಲ್ಲಿದೆ, ಮನೆ ಐದು ಮೆಟ್ಟಿಲು ಎತ್ತರ. ಬಾಗಿಲು ತೆರೆದೇ ಇತ್ತು. ಗಲಾಟೆಗೆ ಹೆದರಿದ ಹುಡುಗಿ ಅಟ್ಟದಲ್ಲಿ ಅಡಗಿಕೊಳ್ಳಲು ಏಣಿ ಹತ್ತುತ್ತಿದ್ದಳು. ಬೀದಿಯಿಂದ ಹಾರಿದ ಒಂದು ಗುಂಡು ಬಾಗಿಲಲ್ಲಿ ನುಗ್ಗಿ ಅವಳ ಬೆನ್ನು ಹೊಕ್ಕು ಎದೆಯಲ್ಲಿ ಆಚೆಗೆ ಬಂತು.

ನಾನು ಸುದ್ದಿ ತಿಳಿದು ಶಾಲೆಯಿಂದ ಓಡಿ ಬಂದಾಗ ಅತ್ತಿಗೆ ಏಣಿಯ ಬುಡದಲ್ಲಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಸೆರಗಿನಿಂದ ಮಗುವಿನ ಮುಖ ಒರೆಸುತ್ತಿದ್ದಳು, ಅಷ್ಟೇ. ಆಮೇಲೆ ಪೊಲೀಸರೇ ಬಂದು ದೇಹವನ್ನು ಎತ್ತಿಕೊಂಡು ಹೋದರು. ಕೊಯ್ದು ನೋಡಿ ಮಾರನೆಯ ಸಂಜೆ ಕೊಟ್ಟರು. ನಮ್ಮ ತೋಟದಲ್ಲೇ ಸಮಾಧಿ ಮಾಡಿದೆವು.

ಇನ್ನು ನನ್ನ ತಪ್ಪು. ಸಾವಾದ ಮನೆಯನ್ನು ಹಾಗೇ ಬಿಡಬಾರದು, ಹನ್ನೊಂದನೆಯ ದಿನಕ್ಕೆ ಜಂಗಮರು ಬರುವ ಮುಂಚೆ ಸಾರಿಸಿ, ಗೋಡೆಗೆ ಸುಣ್ಣ ಬಳಿಯಬೇಕು. ನಮ್ಮಲ್ಲಿ ಅಮ್ಮ, ಅಜ್ಜಿ ಎಲ್ಲರೂ ಹಾಗೇ ಮಾಡಿಕೊಂಡು ಬಂದವರು. ಅತ್ತಿಗೆ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ. ನಾನೇ ಸೀರೆ ಎತ್ತಿ ಕಟ್ಟಿದೆ. ಏಣಿಯನ್ನು ತೆಂಗಿನ ನಾರು ಹಾಕಿ ಉಜ್ಜಿ ತೊಳೆದೆ. ನೆಲ ಸಾರಿಸಿದೆ. ರಕ್ತ ಚಿಮ್ಮಿದ್ದ ಗೋಡೆಗೆ ಎರಡು ಸಲ ದಪ್ಪನಾಗಿ ಸುಣ್ಣ ಹೊಡೆದೆ. ಅತ್ತಿಗೆಯ ಕಣ್ಣಿಗೆ ಅದು ಬೀಳಬಾರದು, ಇನ್ನೇನೂ ನನ್ನ ತಲೆಯಲ್ಲಿರಲಿಲ್ಲ. ಅಳುತ್ತ ಅಳುತ್ತ ಒಂದು ಚುಕ್ಕೆ ಬಿಡದಂತೆ ಒರೆಸಿ ಹಾಕಿದೆ.

ಅದಾದ ನಾಲ್ಕು ದಿನಕ್ಕೆ ವಿಚಾರಣೆ ಮಾಡುವ ಸಾಹೇಬರು ಬಂದರು. ಆಗಲೇ ನಮಗೆ ಗೊತ್ತಾಗಿದ್ದು. ಪೊಲೀಸರು ಬರೆದುಕೊಟ್ಟ ಕಾಗದದ ಪ್ರಕಾರ ಹುಡುಗಿ ಮನೆಯಲ್ಲಿರಲೇ ಇಲ್ಲವಂತೆ. ಬಸ್ ಸ್ಟ್ಯಾಂಡಿನಲ್ಲಿ ಗುಂಪಿನ ಜೊತೆ ನಿಂತು ಕಲ್ಲು ಹೊಡೆಯುತ್ತಿದ್ದಳಂತೆ. ಗಾಳಿಯಲ್ಲಿ ಹಾರಿಸಿದ ಗುಂಡು ಅಕಸ್ಮಾತ್ತಾಗಿ ತಗುಲಿತಂತೆ. ನೆಂಟರು ಹೆಣವನ್ನು ಮನೆಗೆ ಹೊತ್ತುಕೊಂಡು ಹೋದರಂತೆ. ಆರೋಪಿಗಳ ಪಟ್ಟಿಯಲ್ಲಿ ಏಳನೆಯ ಹೆಸರು ಅವಳದು! ಜ್ವರದಲ್ಲಿ ಗಂಜಿ ಕುಡಿದು ಮಲಗಿದ್ದ ಮಗು ಏಳನೇ ಆರೋಪಿ. ಇವರ ವಂಶ ಹಾಳಾಗ ಅಂತ ನಾನು ಅಲ್ಲೇ ಕೂಗಿದೆ.

ಸಾಹೇಬರು ಏಣಿಯ ಹತ್ತಿರ ನಿಂತು ಗೋಡೆ ನೋಡಿದರು. "ರಕ್ತ ಎಲ್ಲಮ್ಮ?" ಎಂದರು.

"ಸುಣ್ಣ ಬಳಿದೆ ಸಾರ್," ಎಂದೆ.

ಜೊತೆಯಲ್ಲಿದ್ದ ಪೊಲೀಸಿನವನು ತುಟಿಯಂಚಿನಲ್ಲೇ ನಕ್ಕ. "ಇದ್ದಿದ್ರೆ ತಾನೇ ಸಾರ್ ತೋರ್ಸೋದು," ಎಂದ.

ಎದುರು ಮನೆಯ ದರ್ಜಿ ಸಾಬರು ತಮ್ಮ ಅಂಗಡಿಯಿಂದ ಎಲ್ಲವನ್ನೂ ನೋಡಿದ್ದವರು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು, "ನಾನು ನೋಡಿವ್ನಿ ಸಾಹೇಬ್ರೇ, ಬರ್ಕೊಳ್ರಿ," ಎಂದರು. "ಕರೆದಾಗ ಬಾ," ಎಂದು ಅವರನ್ನು ಕಳಿಸಿಬಿಟ್ಟರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿಯ ಮನುಷ್ಯ ಆ ಸಾಹೇಬ. ಮನೆಯೊಳಗೆ ಯಾವ ಕುರುಹೂ ಇಲ್ಲ ಎಂದು ಬರೆದುಕೊಂಡು ಹೋದರು.

ಅವರು ಹೋದ ಮೇಲೆ ನಾನು ಗೋಡೆಗೆ ತಲೆ ಚಚ್ಚಿಕೊಂಡೆ. ನನ್ನ ಕೈಯಾರೆ ನಾನೇ ಮಗುವಿನ ಸಾಕ್ಷಿ ಅಳಿಸಿದ್ದೆ. ಅಣ್ಣ ಏನೂ ಅನ್ನಲಿಲ್ಲ. ಅತ್ತಿಗೆಯೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಸುಖವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಅತ್ತಿಗೆ ಅದೇ ಗೋಡೆಯ ಮುಂದೆ ನಿಂತಿದ್ದಳು. ನನ್ನನ್ನು ಕರೆದಳು. "ಇಲ್ನೋಡೇ."

ಹೊಸ ಸುಣ್ಣದ ಮೇಲೆ ಇರುವೆಗಳ ಸಾಲು. ನೆಲದಿಂದ ಹೊರಟು, ಗೋಡೆ ಹಿಡಿದು, ನೇರ ಅಟ್ಟದ ಬಾಯಿಗೆ ಹೋಗುತ್ತಿತ್ತು.

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಕೊಬ್ಬರಿ ಮಾಡಲು ನಾವು ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಹನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ಕೆಳಗಿನ ಒಲೆಯ ಹೊಗೆ ತಾಗುತ್ತ, ಒಳಗಿನ ನೀರು ತಾನೇ ಇಂಗಿ, ಕಾಯಿ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಚಿಪ್ಪು ಗಟ್ಟಿಯಾಗಿರುವ ತನಕ ಇರುವೆ ಅದರ ಹತ್ತಿರ ಸುಳಿಯುವುದಿಲ್ಲ. ಇರುವೆ ಹೊರಟಿದೆ ಅಂದರೆ ಮೇಲೆಲ್ಲೋ ಕಾಯಿ ಒಡೆದಿದೆ ಅಂತಲೇ ಅರ್ಥ. ನಮ್ಮ ಅಟ್ಟಕ್ಕೆ ಕಾಯಿ ಏರಿಸಿ ಆಗ ಎರಡು ತಿಂಗಳಾಗಿತ್ತು. ತಾನಾಗಿ ಒಡೆಯುವ ಕಾಯಿಗಳಲ್ಲ ಅವು.

"ಗುಂಡು ಮ್ಯಾಲೇ ಐತೆ ಕಣೇ," ಎಂದಳು ಅತ್ತಿಗೆ.

ನಾನು ತಕ್ಷಣ ಏಣಿಗೆ ಕಾಲಿಟ್ಟೆ. ಅತ್ತಿಗೆ ನನ್ನ ರಟ್ಟೆ ಹಿಡಿದು ಕೆಳಗೆಳೆದಳು. ಅಷ್ಟು ಶಕ್ತಿ ಅವಳಿಗೆ ಎಲ್ಲಿಂದ ಬಂತೋ. "ಮುಟ್ಟಬ್ಯಾಡ. ಗೋಡೆ ಬಳುದಂಗೆ ಇದನ್ನೂ ಬಳ್ದುಬುಡ್ತೀಯಾ? ನಾವೇ ತಗುದ್ರೆ ನಾವೇ ಇಟ್ವಿ ಅಂತಾರೆ. ಅವ್ರೇ ಬರ್ಲಿ, ಅವ್ರೇ ಹತ್ತಲಿ, ಅವ್ರ ಕೈಯಾರೆ ತಗೀಲಿ."

ಆ ಮಾತು ನನಗೆ ಎದೆಗೆ ಚುಚ್ಚಿತು. ಆದರೆ ಸರಿಯಾದ ಮಾತು. ತಿಪಟೂರಿನಲ್ಲಿ ನಾವು ಕಂಡ ವಕೀಲರು ಕೂಡ ಅಕ್ಷರ ಬಿಡದೆ ಅದನ್ನೇ ಹೇಳಿದರು. ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟ ಹೊನ್ನವಳ್ಳಿಯಿಂದ ಬಂದ ನನ್ನ ಅತ್ತಿಗೆಗೆ ಹೊಳೆದದ್ದು, ಟೀಚರಮ್ಮ ಅನ್ನಿಸಿಕೊಂಡ ನನಗೆ ಹೊಳೆದಿರಲಿಲ್ಲ ನೋಡಿ.

ಅಲ್ಲಿಂದ ಶುರುವಾಯಿತು ನಮ್ಮ ಅರ್ಜಿ ಬರೆಯುವ ಕೆಲಸ. ಅತ್ತಿಗೆ ಹೇಳುವುದು, ನಾನು ಬರೆಯುವುದು. ನಾನು ಮೂರು ಹಾಳೆ ಬರೆದರೆ ಅವಳು, "ಅಷ್ಟೆಲ್ಲಾ ಯಾಕೆ? ನಮ್ಮ ಹುಡ್ಗಿ ಮನೇಲಿದ್ಲು. ಗುಂಡು ಅಟ್ಟದಾಗೈತೆ. ಬಂದು ನೋಡಿ. ಇಷ್ಟೇ ಬರಿ," ಅನ್ನುತ್ತಿದ್ದಳು. ತಿಂಗಳಿಗೆ ಎರಡು ಸಲ ಬೆಳಗಿನ ಬಸ್ಸಿಗೆ ಹೋಗಿ ಆ ಸಾಹೇಬರ ಆಫೀಸಿನ ಮುಂದೆ ಕೂರುತ್ತಿದ್ದೆವು. ಸಾಹೇಬರು ಟೂರಿನಲ್ಲಿದ್ದಾರೆ, ಫೈಲು ಮೇಲೆ ಹೋಗಿದೆ, ಫೈಲು ಕೆಳಗೆ ಬಂದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರೂ ಕೊಡುತ್ತಿರಲಿಲ್ಲ. ನಾನು ಗುಮಾಸ್ತರ ಮೇಲೆ ಹರಿಹಾಯುತ್ತಿದ್ದೆ. ಅತ್ತಿಗೆ ಮಾತ್ರ ಬೆಂಚಿನ ಮೇಲೆ ಕೂತು, ಆಫೀಸು ಬಾಗಿಲು ಹಾಕಿದ ಮೇಲೆ ಎದ್ದು, "ಹದಿನೈದು ದಿನಕ್ಕೆ ಮತ್ತೆ ಬತ್ತೀವಿ," ಎಂದು ಹೇಳಿ ಹೊರಡುತ್ತಿದ್ದಳು. ನನ್ನ ಕೂಗಾಟಕ್ಕೆ ಹೆದರದ ಗುಮಾಸ್ತರು ಆ ಮಾತಿಗೆ ಮುಖ ತಿರುಗಿಸುತ್ತಿದ್ದರು.

ಹನ್ನೊಂದು ತಿಂಗಳು ಕಳೆಯಿತು. ಅಟ್ಟದ ಕಾಯಿ ಕೊಬ್ಬರಿಯಾಯಿತು. ಹೊಸ ಕಾಯಿ ಏರಿಸಲು ಜಾಗವಿಲ್ಲದೆ ಅಂಗಳದಲ್ಲಿ ರಾಶಿ ಬಿತ್ತು. ಅಣ್ಣ ಒಳ್ಳೆಯವನೇ, ಆದರೆ ಬಳಲಿಹೋಗಿದ್ದ. "ಎಷ್ಟು ದಿನ ಹಿಂಗೇ ಇಕ್ಕಂಡು ಕೂರಾನ? ಹೋದ ಮಗು ಬಂದಾತಾ? ಇಳ್ಸಿಬುಡಾನ," ಎಂದ ಒಂದು ದಿನ. ಅತ್ತಿಗೆ ಎದ್ದಳು. ಏಣಿಯನ್ನು ಒಬ್ಬಳೇ ಹೆಗಲ ಮೇಲೆ ಹೊತ್ತು ಬೀದಿ ದಾಟಿ, ದರ್ಜಿ ಸಾಬರ ಅಂಗಡಿಯ ಗೋಡೆಗೆ ಒರಗಿಸಿ ಬಂದಳು. "ನಾನು ಕೇಳೋಗಂಟ ಯಾರ್ಗೂ ಕೊಡ್ಬ್ಯಾಡಿ ಅಣ್ಣಯ್ಯ," ಎಂದಳು. "ನನ್ ಉಸ್ರು ಇರೋಗಂಟ ಕೊಡಲ್ಲಮ್ಮ," ಎಂದರು ಅವರು. ಸಾಕ್ಷಿ ಹೇಳುತ್ತೇನೆ ಅಂದಿದ್ದಕ್ಕೆ ಅಷ್ಟರಲ್ಲಾಗಲೇ ಅವರನ್ನು ಎರಡು ಸಲ ಸ್ಟೇಷನ್ನಿಗೆ ಕರೆಸಿ ದಿನವಿಡೀ ನಿಲ್ಲಿಸಿಕೊಂಡಿದ್ದರು. ಮನುಷ್ಯ ಮಾತು ಬದಲಿಸಲಿಲ್ಲ.

ಊರಿನಲ್ಲಿ ಆಡಿಕೊಳ್ಳುವವರಿಗೆ ಬರವೇ? ಅಟ್ಟ ಇಳಿಸದ ಮನೆಯಲ್ಲಿ ದರಿದ್ರ ಕೂರುತ್ತದೆ, ಮಗಳು ಹೋದ ಮೇಲೆ ಅವಳಿಗೆ ತಲೆ ನೆಟ್ಟಗಿಲ್ಲ, ಹೀಗೆಲ್ಲ. ಇಲಿಗಳು ಮೇಲೆ ಓಡಾಡಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಎಲ್ಲಿ ಎಳೆದಾಡಿ ಹಾಳುಮಾಡುತ್ತವೋ ಎಂದು ಎರಡು ಬೆಕ್ಕು ತಂದು ಸಾಕಿದೆ.

ಎರಡನೆಯ ವರ್ಷದ ಒಂದು ಭಾನುವಾರ. ಅತ್ತಿಗೆ ತೋಟಕ್ಕೆ ಹೋಗಿದ್ದಳು. ಬಿಳಿ ಶರಟಿನ ಒಬ್ಬ ದೊಡ್ಡ ಮನುಷ್ಯ ಬಂದು ಜಗಲಿಯ ಮೇಲೆ ಕೂತ. ತಿಪಟೂರಿನ ಕೊಬ್ಬರಿ ವ್ಯಾಪಾರಿ ಎಂದ. "ಅಟ್ಟ ಇದ್ದಂಗೇ ಕೊಟ್ಬುಡಿ ಯಜಮಾನ್ರೇ. ಕೆಟ್ಟಿದ್ರೂ ಚಿಂತಿಲ್ಲ. ನಮ್ಮಾಳುಗಳೇ ಬಂದು ಇಳಿಸ್ಕೊಂಡು ಲಾರಿಗೆ ತುಂಬ್ಕೊತಾರೆ," ಎಂದ. ಮಾತು ಬೆಣ್ಣೆಯ ಹಾಗಿತ್ತು. ಅಣ್ಣನ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಂಡಿತು. ಮುಗಿದುಹೋಗಲಿ ಅನ್ನುವ ಗೆಲುವು ಅದು, ನನಗೆ ಅರ್ಥವಾಯಿತು. ಅವನನ್ನು ಬೈಯಲು ಮನಸ್ಸು ಬರಲಿಲ್ಲ.

ನಾನು ಕಾಫಿ ತಂದುಕೊಟ್ಟೆ. ಮನೆಯ ಖರ್ಚಿಗೆ ಮೂಲೆಯಲ್ಲಿಟ್ಟಿದ್ದ ಹಳೆಯ ಒಣಕಾಯಿಯೊಂದನ್ನು ತಂದು, "ಮಾಲು ಹಿಂಗೈತೆ ನೋಡಿ," ಎಂದು ಅವನ ಕೈಯಲ್ಲಿಟ್ಟೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆನ್ನಾಗೈತೆ," ಎಂದು ಪಕ್ಕಕ್ಕಿಟ್ಟ.

ನನಗೆ ಮೈ ಉರಿದುಹೋಯಿತು. ಒಣಕಾಯಿ ಕೈಗೆ ಬಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದ ವ್ಯಾಪಾರಿ ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಒಳಗೆ ಕೊಬ್ಬರಿ ಲೊಡಲೊಡ ಎಂದು ಆಡಿದರೆ ಮಾತ್ರ ಮಾಲು. ನಮ್ಮ ಕಡೆ ಹಾಲು ಕುಡಿಯುವ ಕೂಸಿನ ಕೈಗೆ ಕೊಟ್ಟರೂ ಅಲ್ಲಾಡಿಸುತ್ತದೆ!

"ತಿಪಟೂರಲ್ಲಿ ಯಾವ ಮಂಡಿ ಸ್ವಾಮಿ ನಿಮ್ದು?" ಎಂದೆ. ತಡವರಿಸಿದ. "ಯಾರ್ ಕಳ್ಸಿದ್ದು ನಿಮ್ನ? ಕಾಯಿ ಅಲ್ಲಾಡ್ಸಕ್ಕೂ ಬರಲ್ಲ, ಕೊಬ್ಬರಿ ಯಾಪಾರಕ್ಕೆ ಬಂದ್ಬುಟ್ರಾ? ಏಳ್ರಿ ಮೇಲೆ!" ನನ್ನ ಗಂಟಲಿಗೆ ಬೀದಿಯೆಲ್ಲ ಸೇರಿತು. ಅವನು ಕಾಫಿ ಕುಡಿಯದೆ ಎದ್ದು ಹೋದ. ಬಸ್ ಸ್ಟ್ಯಾಂಡಿನ ಆಚೆ ನಿಂತಿದ್ದ ಪೊಲೀಸ್ ಜೀಪಿಗೆ ಅವನು ಹತ್ತಿದ್ದನ್ನು ದರ್ಜಿ ಸಾಬರು ಹಿಂದೆಯೇ ಹೋಗಿ ನೋಡಿಕೊಂಡು ಬಂದರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆವು. ಮೇಯ್ದ ಮೇಲೆ ಹೆಜ್ಜೆಗುರುತು ಅಳಿಸಲೂ ಬರುತ್ತದೆ ಅಂತ ಆವತ್ತು ಕಂಡೆವು.

ಅಣ್ಣ ಜಗಲಿಯ ಕಂಬ ಹಿಡಿದುಕೊಂಡು ಅತ್ತ. ಮಗಳು ಹೋದ ಮೇಲೆ ಅವನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಅತ್ತಿಗೆ ತೋಟದಿಂದ ಬಂದು ಎಲ್ಲ ಕೇಳಿದಳು. ನನ್ನ ಕಡೆ ತಿರುಗಿ, "ಊಟ ಮಾಡ್ದಾ?" ಎಂದಳು. ಸುಣ್ಣ ಬಳಿದ ದಿನದಿಂದ ಅವಳು ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಆ ವ್ಯಾಪಾರಿಯ ವಿಷಯ ಸೇರಿಸಿ ಇನ್ನೊಂದು ಅರ್ಜಿ ಹಾಕಿದೆವು. ಹಳೆಯ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಒಂದು ಬುಧವಾರ ಬೆಳಿಗ್ಗೆ ಹೇಳದೆ ಕೇಳದೆ ಬಂದೇಬಿಟ್ಟರು. ಬೇರೆ ಊರಿನಿಂದ ಇಬ್ಬರು ಪಂಚರನ್ನೂ ಸಾಕ್ಷಿಗೆಂದು ತಾವೇ ಕರೆತಂದಿದ್ದರು.

ಅತ್ತಿಗೆ ಬೀದಿ ದಾಟಿ ಏಣಿ ತಂದಳು. ಕಾಯಿ ಸುಲಿಯುವ ಆಳು ಅಂಗಳದಲ್ಲಿ ಕಬ್ಬಿಣದ ಮೊನೆ ನೆಟ್ಟ. ಅಟ್ಟದ ಬಾಯಿಯ ಹತ್ತಿರದ ಕಾಯಿಗಳನ್ನು ಸಾಹೇಬರೇ ನಿಂತು ಒಂದೊಂದಾಗಿ ತೆಗೆಸಿ, ಎಲ್ಲಿಂದ ತೆಗೆದದ್ದೆಂದು ಬರೆಸಿದರು. ಮುಂದಿನ ಸಾಲು ಖಾಲಿಯಾಯಿತು, ಏನೂ ಇಲ್ಲ. ಎರಡನೆಯ ಸಾಲಿನಲ್ಲಿ ಒಂದು ಕಾಯಿ ಹಗುರ. ಮಟ್ಟೆಯಲ್ಲಿ ಬೆರಳು ತೂರುವಷ್ಟು ತೂತು, ಒಳಗೆಲ್ಲ ಇರುವೆ ತಿಂದು ಬರಿದು. ಅದರ ಹಿಂದಿನದರಲ್ಲೂ ತೂತು. ಅದರ ಹಿಂದಿನದನ್ನು ಆಳು ಮೊನೆಗೆ ಹಾಕಿ ಸುಲಿದಾಗ, ಒಡೆದ ಚಿಪ್ಪಿಗೂ ಮಟ್ಟೆಗೂ ನಡುವೆ ಗುಂಡು ಸಿಕ್ಕಿಕೊಂಡಿತ್ತು. ಮೂತಿ ಸೊಟ್ಟಗಾಗಿತ್ತು.

ಸಾಹೇಬರು ಆ ಕಾಯಿಯ ಜಾಗದಿಂದ ಬೀದಿಗೆ ಒಂದು ಹುರಿ ಕಟ್ಟಿಸಿದರು. ಹುರಿ ಅಟ್ಟದ ಬಾಯಿಂದ ಇಳಿದು, ಏಣಿಯ ಮೇಲೆ ಹಾದು, ಬಾಗಿಲು ದಾಟಿ ಬೀದಿಗೆ ಬಂತು. ಸಾಬರು ತಾವಾಗಿ ಹೋಗಿ ಅದರ ತುದಿಯಲ್ಲಿ ನಿಂತರು. "ಇಲ್ಲೇ ನಿಂತಿದ್ದ ಸಾಹೇಬ್ರೇ ಅವನು. ಮೊಣಕಾಲು ಊರಿ ಹೊಡೆದ," ಎಂದರು.

"ಹುಡುಗಿ ಎಷ್ಟು ಎತ್ತರ ಇದ್ದಳಮ್ಮ?" ಎಂದು ಸಾಹೇಬರು ಕೇಳಿದರು.

ಅತ್ತಿಗೆ ತನ್ನ ಎದೆಗಿಂತ ಸ್ವಲ್ಪ ಕೆಳಗೆ ಅಂಗೈ ಅಡ್ಡ ಹಿಡಿದಳು. "ಇಲ್ಲಿಗ್ ಬತ್ತಿದ್ಲು ಸ್ವಾಮಿ." ಕೈಯನ್ನು ಇಳಿಸಲೇ ಇಲ್ಲ. ನಾನೇ ಹೋಗಿ ಹಿಡಿದುಕೊಳ್ಳಬೇಕಾಯಿತು.

ಮೂರು ತಿಂಗಳಿಗೆ ವರದಿಯ ಪ್ರತಿ ಬಂತು. ನಾನು ಓದಿದೆ. ಮಗು ಮನೆಯೊಳಗಿತ್ತು, ಯಾವ ಗುಂಪಿನಲ್ಲೂ ಇರಲಿಲ್ಲ, ಆರೋಪಿಗಳ ಪಟ್ಟಿಯಿಂದ ಹೆಸರು ತೆಗೆಯತಕ್ಕದ್ದು. ಅತ್ತಿಗೆ ಮೂರು ಸಲ ಓದಿಸಿಕೊಂಡಳು. ಆಮೇಲೆ, "ಹೊಡೆದೋನು ಯಾರು ಅಂತ ಬರ್ದವ್ರೆ?" ಎಂದಳು.

"ಕರ್ತವ್ಯದಲ್ಲಿದ್ದ ಸಿಬ್ಬಂದಿಯೊಬ್ಬರು ಅಂತೈತೆ."

"ಸಿಬ್ಬಂದಿ? ಯಾಕೆ, ಅವರವ್ವ ಅವನಿಗೆ ಹೆಸ್ರು ಇಟ್ಟಿರ್ಲಿಲ್ವಾ? ನನ್ ಮಗಳ ಹೆಸ್ರು ಬರ್ಯಾಕೆ ಬಂತು, ಅವನ್ದು ಬರ್ಯಾಕೆ ಬರಲಿಲ್ವಾ? ಪೆನ್ನು ತಗಾ."

ಪೆನ್ನು ತೆಗೆದುಕೊಂಡೆ. ಅವನ ಹೆಸರು ಕಾಗದಕ್ಕೆ ಬರಲು ಇನ್ನೂ ಒಂದು ವರ್ಷ ಹಿಡಿಯಿತು, ಕೋರ್ಟಿಗೆ ಬರಲು ಮತ್ತೆ ಎರಡು. ತೀರ್ಪು ಏನಾಯಿತು ಅಂತ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಶಿಕ್ಷೆಯಾಯಿತು. ಅಪೀಲು ಹೋಗಿ ಕಡಿಮೆ ಮಾಡಿಸಿಕೊಂಡ. ಆದರೂ ಒಳಗೆ ಇದ್ದು ಬಂದ. ಸಾಕಾಯಿತಾ ಎಂದು ಕೇಳಿದರೆ ನನಗೆ ಇವತ್ತಿಗೂ ಸಾಕಾಗಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ತೀರ್ಪಿನ ದಿನವಲ್ಲ, ಅತ್ತಿಗೆ ಸಾಕ್ಷಿ ಹೇಳಿದ ದಿನ. ಆರೋಪಿಯ ಕಟಕಟೆಯಲ್ಲಿದ್ದವನು ಅಣ್ಣನ ವಯಸ್ಸಿನವನು, ತಲೆ ಬಾಚಿಕೊಂಡು ಅಚ್ಚುಕಟ್ಟಾಗಿ ಬಂದಿದ್ದ. ಅವನ ವಕೀಲರು ಅತ್ತಿಗೆಯನ್ನು ಅರ್ಧ ಗಂಟೆ ಅಲ್ಲಾಡಿಸಿ ನೋಡಿದರು. ಕೊನೆಗೆ, "ನೀವು ಅಡುಗೆಮನೆಯಲ್ಲಿದ್ದಿರಿ. ಮಗು ಹೊರಗೆ ಸತ್ತದ್ದನ್ನು ಯಾರೋ ಒಳಗೆ ತಂದು ಹಾಕಿದರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದರು.

"ಸತ್ತಿರ್ಲಿಲ್ಲ ಸ್ವಾಮಿ," ಎಂದಳು ಅತ್ತಿಗೆ. "ಏಣಿಯಿಂದ ನಾನೇ ಇಳಿಸ್ಕೊಂಡಿದ್ದು. ತೊಡೆ ಮ್ಯಾಲೆ ಹಾಕ್ಕೊಂಡಾಗ ಜೀವ ಇತ್ತು. ಮಾತಾಡಿದ್ಲು."

ಆರು ವರ್ಷ ಒಂದೇ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಎದ್ದ ನನಗೂ ಅವಳು ಅದನ್ನು ಹೇಳಿರಲಿಲ್ಲ. ಅಣ್ಣನಿಗೂ ಹೇಳಿರಲಿಲ್ಲ. ಅವನು ನನ್ನ ಪಕ್ಕದಲ್ಲಿ ಬೆಂಚಿನ ಅಂಚು ಹಿಡಿದುಕೊಂಡ.

ವಕೀಲರು ಕೂತುಬಿಟ್ಟರು. ಜಡ್ಜ್ ಸಾಹೇಬರೇ ಮೆತ್ತಗೆ ಕೇಳಿದರು. "ಏನು ಹೇಳಿತಮ್ಮ ಮಗು?"

"'ಯಾರೋ ಹೊಡುದ್ರು ಕಣವ್ವಾ, ಯಾಕವ್ವಾ?' ಅಂದ್ಲು." ಅತ್ತಿಗೆ ಕಟಕಟೆಯ ಕಡೆ ತಿರುಗಿದಳು. ಅವಳ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. "ನಂಗೆ ಹೇಳಾಕಾಗ್ಲಿಲ್ಲ. ಅದನ್ನ ಕೇಳಾಕೇ ಇಷ್ಟು ವರ್ಷ ಓಡಾಡಿದ್ದು. ಹೇಳಪ್ಪ, ಯಾಕ್ ಹೊಡ್ದೆ?"